ಹೇಳಬಾರದಿದ್ದ ಹೆಸರು

ಟಿಂಕ್... ಎಂದು ಒಂದು ಸಣ್ಣ ಸದ್ದು. ಪೋರ್ಟ್ ಆಗಸ್ಟಾದ ಕೊಲ್ಲಿಯ ನೀರು ಇಳಿತದಲ್ಲಿ ಹಿಂದೆ ಸರಿದು, ಉಪ್ಪುನೀರಿನ ಕಾಂಡ್ಲಾ ಮರಗಳ ಬೇರುಗಳ ನಡುವಿನ ಕೆಸರು ಬೆಳದಿಂಗಳನ್ನು ಹೀರುತ್ತಾ ನಿಶ್ಚಲವಾಗಿ ಮಲಗಿದ್ದ ಅಪರಾತ್ರಿ ಅದು. ಹಗಲೆಲ್ಲ ಕುಂಕುಮವರ್ಣವಾಗಿ ಉರಿದ ಪೂರ್ವದ ಬೆಟ್ಟಸಾಲು ಈಗ ಕೆಂಡದ ಮೇಲೆ ಕವಿದ ಬೂದಿಯಂತೆ ಮಸುಕಾಗಿತ್ತು. ಒಳನಾಡಿನ ಗಾಳಿ ಉಪ್ಪುಗಿಡಗಳ ಒಗರು ವಾಸನೆಯನ್ನು ಹೊತ್ತು ತಂದು, ಒಳಗೆ ಬರಲೋ ಬೇಡವೋ ಎಂದು ಸಂಕೋಚಪಡುವ ನೆಂಟನಂತೆ ಕಿಟಕಿಯ ಪರದೆಯಂಚಿನಲ್ಲಿ ತಡೆದು ನಿಂತಿತ್ತು.

ಸದ್ದು ಮಾಡಿದ ಫೋನು ಮೇಜಿನ ಮೇಲೆ ಬೆಳಗಿತು. ಮರ್ನಾ ಕನ್ನಡಕ ಹುಡುಕಿ ಓದಿದಳು. ಇಲಾಖೆಯ ಹುಡುಗಿ ಫ್ರೇಯಾ ಕೇಳಿದ್ದಳು: ನಾಳೆ ಸಭೆಯಲ್ಲಿ ತೀರಿಕೊಂಡ ಅವರ ಚಿತ್ರ ತೋರಿಸಿ ಹೆಸರು ಹೇಳಬಹುದೇ, ಮನೆಯವರ ಒಪ್ಪಿಗೆ ಇದೆಯೇ, ನಿಮ್ಮನ್ನಲ್ಲದೆ ಇನ್ನಾರನ್ನು ಕೇಳಲಿ?

ಮರುದಿನ, ಸರ್ಕಾರಿ ಸೇವೆಯಲ್ಲಿ ಬದುಕು ಸವೆಸಿದ ಮೂಲನಿವಾಸಿ ಮುಖಂಡರಿಗೆ ಪದಕ ಕೊಡುವವರಿದ್ದರು. ಒಂದು ಮರ್ನಾಳಿಗೆ, ಮೂವತ್ತು ವರ್ಷ ಒಳನಾಡಿನ ಆರೋಗ್ಯ ಕೇಂದ್ರಗಳನ್ನು ಕಟ್ಟಿ ನಿಲ್ಲಿಸಿದ್ದಕ್ಕೆ. ಇನ್ನೊಂದು ಅವನಿಗೆ, ಅದೇ ಊರುಗಳಿಗೆ ಮನೆ, ನೀರು ತಂದುಕೊಟ್ಟು ಕಳೆದ ಮಾಗಿಯಲ್ಲಿ ಮಣ್ಣಾದವನಿಗೆ.

ಸಹೃದಯ ಓದುಗರೇ, ಅವನ ಹೆಸರನ್ನು ನಾನೂ ಇಲ್ಲಿ ಹೇಳುವುದಿಲ್ಲ. ಈ ಮೂಲನಿವಾಸಿಗಳಲ್ಲಿ ಸತ್ತವರ ಹೆಸರನ್ನು ಮನೆಯ ಹಿರಿಯರು ಅಪ್ಪಣೆ ಕೊಡುವವರೆಗೆ ಯಾರೂ ಉಚ್ಚರಿಸರು, ಮುಖದ ಚಿತ್ರವನ್ನು ಯಾರೂ ನೋಡರು. ಈಗ ಅವನು ಎಲ್ಲರ ಬಾಯಲ್ಲೂ ಬರಿಯ ಕುನ್ಮನಾರ, ಹೆಸರಿಲ್ಲದವನು. ಅಪ್ಪಣೆ ಕೊಡಬೇಕಾದವಳು ಅವನ ಅಕ್ಕ ಐಲೀನ್. ಅವಳಿನ್ನೂ ಕೊಟ್ಟಿರಲಿಲ್ಲ. ಅದು ಮರ್ನಾಳಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಒಂದು ಸಲ... ಒಂದೇ ಒಂದು ಸಲ ಆ ಹೆಸರು ಗಾಳಿಯಲ್ಲಿ ಬೆಳಗುವುದನ್ನು ಕೇಳಬೇಕೆಂಬ ತೃಷೆ, ಬೇಸಗೆಯ ಒಣತೊರೆಯ ಮರಳಿನಡಿ ಅಡಗಿ ಹರಿಯುವ ನೀರಿನಂತೆ ಅವಳೊಳಗೆ ತಿಂಗಳುಗಳಿಂದ ಹರಿಯುತ್ತಿತ್ತು. ರಕ್ತಸಂಬಂಧ ದೂರದ್ದು, ವರಸೆ ಮಾತ್ರ ಹತ್ತಿರದ್ದು. ವರಸೆಯಲ್ಲಿ ಅವನು ಅವಳಿಗೆ ಅಣ್ಣನಾಗಬೇಕು. ಇಬ್ಬರೂ ಆ ಗೆರೆ ದಾಟಲಿಲ್ಲ. ಕೆಂಪು ಧೂಳಿನ ದಾರಿಗಳಲ್ಲಿ ಒಂದೇ ಜೀಪಿನಲ್ಲಿ ಅವರು ಮುಪ್ಪಾದರು, ಅಷ್ಟೆ. ಎಲ್ಲಿ ನಿಲ್ಲಿಸಿದರೂ ಅವನು ಅವಳ ಕಡೆಯ ಬಾಗಿಲಿಗೆ ಮರದ ನೆರಳು ಬೀಳುವಂತೆ ನಿಲ್ಲಿಸುತ್ತಿದ್ದ. ತಾನು ಬಿಸಿಲಲ್ಲಿ ಇಳಿಯುತ್ತಿದ್ದ. ಅವರಿಬ್ಬರ ಪ್ರೇಮಕ್ಕೆ ಅದಕ್ಕಿಂತ ದೊಡ್ಡ ಮಾತು ಇರಲಿಲ್ಲ! ಅವನ ಮಣ್ಣಿನ ದಿನ ಅವಳು ತಂಗಿಯೊಬ್ಬಳು ಅಳಬಹುದಾದಷ್ಟೇ ಅತ್ತು, ಉಳಿದದ್ದನ್ನು ಮನೆಗೆ ಹೊತ್ತು ತಂದಿದ್ದಳು.

ಅವಳ ಬೆರಳು ಉತ್ತರ ಒತ್ತಿತು: ಒಪ್ಪಿಗೆ ಇದೆ.

ಮರುದಿನ ಸಭಾಂಗಣದ ಹೊರಗೆ ಬಂಧುಗಳು ಅವಳನ್ನು ಮುತ್ತಿಕೊಂಡರು. “ಏನತ್ತೆ, ನಾಳೆಯಿಂದ ಪದಕ ಹಾಕ್ಕೊಂಡೇ ಮೀನಿಗೆ ಗಾಳ ಹಾಕ್ತೀಯಾ?” ಎಂದ ಲೆಸ್ಟರ್. ಅವನು ಸತ್ತವನ ಮಗ, ತಂದೆಯದೇ ಅಗಲ ಹೆಗಲು.

“ಹಾಕ್ಕೋತೀನಿ ಕಣೋ. ಹೊಳಪಿಗಾದ್ರೂ ಮೀನು ಬರ್ಲಿ. ನಿನ್ನ ಗಾಳಕ್ಕಂತೂ ಬರಲ್ಲ.”

“ವೇದಿಕೆ ಮೇಲೆ ಒಬ್ಬಳೇ ನಿಲ್ಬೇಕಲ್ಲ, ನಾಚಿಕೆ ಆಗಲ್ವಾ?” ಎಂದು ಐಲೀನ್ ತಲೆವಸ್ತ್ರದೊಳಗೇ ನಕ್ಕಳು.

“ಆಗ್ತಿದೆ ಅಕ್ಕ,” ಎಂದಳು ಮರ್ನಾ. ಎಷ್ಟು ನಿಜವಾಗಿ ಹೇಳಿದೆನೆಂದು ಅವಳೇ ಬೆಚ್ಚಿದಳು. ಈಗಲಾದರೂ ಫ್ರೇಯಾಳ ಬಳಿ ಹೋಗಿ ಬೇಡವೆನ್ನಬಹುದಿತ್ತು. ಹೋಗಲಿಲ್ಲ.

ದೀಪಗಳು ಆರಿದವು. ತೆರೆಯ ಮೇಲೆ, ಮಳೆ ನಿಂತ ಮರುಗಳಿಗೆಯ ಬಿಸಿಲಿನಂತೆ, ಅವನ ನಗುಮುಖ ಥಟ್ಟನೆ ಹೊಳೆಯಿತು. ಫ್ರೇಯಾ ಸ್ಪಷ್ಟವಾದ ಎಳೆಯ ದನಿಯಲ್ಲಿ ಅವನ ಪೂರ್ತಿ ಹೆಸರು ಹೇಳಿದಳು.

ಗಾಳಿ ಬೀಸಿದ ಹುಲ್ಲಿನಂತೆ ಸಾಲುಸಾಲಾಗಿ ತಲೆಗಳು ತಗ್ಗಿದವು. ಯಾರೋ ಹಣ್ಣುಹಣ್ಣು ಮುದುಕಿಯೊಬ್ಬಳು ಸಣ್ಣಗೆ ನರಳಿದಳು. ಲೆಸ್ಟರ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಐಲೀನ್ ಮೊಮ್ಮಗಳ ಕಣ್ಣನ್ನು ಎದೆಗೆ ಒತ್ತಿಕೊಂಡು ತಲೆವಸ್ತ್ರವನ್ನು ಮುಖದ ಮೇಲೆ ಎಳೆದಳು. ಅವರ ಪೈಕಿ ತಲೆ ಎತ್ತಿ ಕುಳಿತವಳು ಮರ್ನಾ ಒಬ್ಬಳೇ. ಅವಳು ನೋಡಿದಳು... ಆ ಕಣ್ಣಂಚಿನ ಸುಕ್ಕುಗಳನ್ನು, ಮಾತಿಗೆ ಮೊದಲು ತುಸು ಬಿರಿಯುತ್ತಿದ್ದ ತುಟಿಗಳನ್ನು. ಅದು ಅವಳಿಗೆ ಅಮೃತದಂತಿತ್ತು. ಸುತ್ತಲಿನವರ ಗಾಯದಿಂದ ತಾನು ಮಧುವನ್ನು ಹೀರುತ್ತಿದ್ದೇನೆ ಎಂಬ ಅರಿವು, ಆಮೇಲೆ, ಕಾದ ಕಬ್ಬಿಣದಂತೆ ಎದೆಗೆ ತಾಗಿತು.

ಮುಂದಿನ ಹೆಸರು ಅವಳದೇ. ಅವನ ಮುಖದ ಬೆಳಕಿನಡಿಯಲ್ಲೇ ನಡೆದು ಪದಕ ತೆಗೆದುಕೊಂಡಳು. ಚಪ್ಪಾಳೆ ಮುಂದಿನ ಸಾಲಿನ ಅಧಿಕಾರಿಗಳದು ಮಾತ್ರ ಕೇಳಿಸಿತು.

ಹೊರಗೆ ಲೆಸ್ಟರ್ ಫ್ರೇಯಾಳನ್ನು ತಡೆದು ನಿಲ್ಲಿಸಿದ್ದ. “ಯಾರನ್ನ ಕೇಳಿ ಮಾಡಿದ್ರಿ ಇದನ್ನ? ನಮ್ಮನೇಲಿ ಯಾರು ಹೂಂ ಅಂದ್ರು?”

ಹುಡುಗಿ ಬಿಳಿಚಿಕೊಂಡಳು. ಅವಳ ದೃಷ್ಟಿ ಒಂದು ಕ್ಷಣ ಮರ್ನಾಳನ್ನು ಮುಟ್ಟಿ ನೆಲಕ್ಕಿಳಿಯಿತು. “ತಪ್ಪು ನಂದು. ನಾನು ಸರಿಯಾಗಿ ವಿಚಾರಿಸ್ಲಿಲ್ಲ.”

ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಹುಡುಗಿಯ ಗಲ್ಲ ನಡುಗುತ್ತಿದ್ದುದನ್ನು ಮರ್ನಾ ನೋಡಿದಳು. “ಅವಳದ್ದಲ್ಲ ಲೆಸ್ಟರ್. ನನ್ನ ಕೇಳಿದ್ಲು. ನಾನೇ ಹೂಂ ಅಂದೆ.”

“ನೀನಾ?” ಲೆಸ್ಟರ್‌ನ ದನಿ ಇಳಿಯಿತು, ಕೂಗಿದ್ದರೆ ವಾಸಿಯಿತ್ತು. “ಎಲ್ಲಾ ಗೊತ್ತಿರೋಳು ನೀನು. ಹೂಂ ಅನ್ನೋಕೆ ನಿನಗೇನು ಹಕ್ಕಿತ್ತು ಅತ್ತೆ?”

ಉತ್ತರವಿತ್ತು. ಆ ಉತ್ತರ ಹೊರಬಿದ್ದರೆ, ಅವನು ಬದುಕಿಡೀ ಕಾಪಾಡಿದ್ದ ಗೆರೆಯನ್ನು ಅವನ ಮಗನ ಮುಂದೆಯೇ ಅಳಿಸಿದಂತೆ. ಬಂಧುಗಳೆಲ್ಲ ನೋಡುತ್ತಿದ್ದರು. ಮೂವತ್ತು ವರ್ಷ ಇವರ ನಂಬಿಕೆಯಿಂದ ಹೊಳೆದ ತಾನು ಈಗ ಕೊರಳಲ್ಲಿ ತೂಗುವ ಲೋಹದ ಬಿಲ್ಲೆಯಷ್ಟೇ ಆಗಿದ್ದೇನೆ ಎನಿಸಿತು.

“ಬಿಡೋ,” ಎಂದಳು ಐಲೀನ್. “ವಯಸ್ಸಾದೋರಿಗೆ ತಲೆ ಎಲ್ಲೋ ಇರತ್ತೆ, ಬಾಯಿ ಎಲ್ಲೋ ಇರತ್ತೆ. ಹೋಗಿ ಮಕ್ಕಳನ್ನ ಕಾರು ಹತ್ಸು. ಮರ್ನಾ, ನೀನು ಬಾ ನನ್ನ ಜೊತೆ.”

ಭರತದ ನೀರು ಮೆಲ್ಲಗೆ ಏರುತ್ತಿದ್ದ ಕೊಲ್ಲಿಯ ದಡದ ಕಟ್ಟೆಯ ಮೇಲೆ ಇಬ್ಬರೂ ಕುಳಿತರು. ಸಂಜೆಯ ಬೆಟ್ಟಗಳು ಮತ್ತೆ ಕೆಂಡವಾಗಿದ್ದವು. ಮರ್ನಾ ಪದಕ ಕಳಚಿ ಚೀಲದೊಳಗೆ ಹಾಕಿದಳು.

“ಅಕ್ಕ, ನಿನ್ನ ಕೇಳಬೇಕಿತ್ತು.”

“ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ ನೀನು.” ಐಲೀನ್ ನೀರನ್ನೇ ನೋಡುತ್ತಿದ್ದಳು. “ಬಟ್ಟೆ ಸಂದಿಯಿಂದ ನಾನು ಚಿತ್ರ ನೋಡ್ಲಿಲ್ಲ. ನಿನ್ನ ನೋಡಿದೆ. ಆ ಮುಖ ನೋಡಿದ್ಮೇಲೆ ಇನ್ನೇನು ಕೇಳೋದಿದೆ?”

ಮರ್ನಾ ಸರಕ್ಕನೆ ಅವಳತ್ತ ತಿರುಗಿದಳು. “ಅಕ್ಕ, ನಾವು ಯಾವತ್ತೂ...”

“ಗೊತ್ತು. ಅವನು ನನ್ನ ತಮ್ಮ.” ಐಲೀನ್ ನೀರಿನಿಂದ ಕಣ್ಣು ಕಿತ್ತಳು. “ನೀನು ಮಾಡಿದ್ದು ತಪ್ಪು. ನನಗೆ ತುಂಬಾ ನೋವಾಯ್ತು. ಅದು ಹಾಗೇ ಇರ್ಲಿ, ತೇಯ್ದು ಹಾಕೋಕೆ ಹೋಗ್ಬೇಡ. ಆದ್ರೆ ಅವನ ಮಣ್ಣಿನ ದಿನ ನೀನು ಪೂರ್ತಿ ಅಳ್ಲಿಲ್ಲ.” ಅವಳ ಒರಟು ಅಂಗೈ ಮರ್ನಾಳ ಹೆಗ್ಗತ್ತಿನ ಮೇಲೆ ಕೂತಿತು. “ಅಲ್ಲಿ ತಲೆ ತಗ್ಗಿಸ್ಬೇಕಿತ್ತು. ಈಗ ತಗ್ಗಿಸು.”

ಆ ಭಾರಕ್ಕೆ ಮರ್ನಾಳ ತಲೆ ಬಾಗಿತು. ಐಲೀನಳ ತಲೆಯೂ ಬಾಗಿ ಅದಕ್ಕೆ ತಾಗಿತು. ಅಪ್ಪಣೆಯಿಲ್ಲದ ಕಣ್ಣೀರಿಗೆ ಕೊನೆಗೂ ಒಂದು ಹಾದಿ ಸಿಕ್ಕಿತ್ತು.

ರಾತ್ರಿ ಮನೆಯಲ್ಲಿ ಸೊಸೆ ಕೇಳಿದಳು: “ಹೇಗಾಯ್ತಮ್ಮ ಸಭೆ?”

“ಪದಕ ಕೊಟ್ಟರು,” ಎಂದಳು ಮರ್ನಾ. ತನ್ನ ತಪ್ಪು ನಾಳೆ ಊರಿಗೆಲ್ಲ ತಿಳಿದಿರುತ್ತದೆ. ತಿಳಿಯಲಿ, ಅದು ತನಗೆ ಸಲ್ಲಬೇಕಾದದ್ದೇ. ಲೆಸ್ಟರ್‌ನ ಮುಂದೆ ಅದನ್ನು ಹೊತ್ತೇ ನಡೆಯಬೇಕು. ಆದರೆ ಕಟ್ಟೆಯ ಮೇಲೆ ನಡೆದದ್ದನ್ನು ಯಾರಿಗೂ ಹೇಳಕೂಡದೆಂದು ಅವಳು ನಿಶ್ಚಯಿಸಿದಳು. ಮನುಷ್ಯ ಹೃದಯವು ಸನ್ಮಾನದ ಬೆಳಕಿನಲ್ಲಿ ಬಾಡಿಹೋಗಬಹುದು... ಆದರೆ ತಪ್ಪನ್ನು ತಪ್ಪೆಂದೇ ಇಟ್ಟುಕೊಂಡು, ಪಕ್ಕದಲ್ಲಿ ಕೂತು ತಲೆ ಬಾಗಿಸುವ ಒಂದು ಜೀವವಿದ್ದರೆ, ಅದು ನಾಚಿಕೆಯ ನೆರಳಿನಲ್ಲೂ ಬದುಕಿಕೊಳ್ಳುತ್ತದೆ. ಆ ನೆರಳು ಬೀಳುವಂತೆ ಯಾರೋ ಬಿಸಿಲಲ್ಲಿ ಇಳಿದಿರುತ್ತಾರೆ. ಅವರ ಹೆಸರನ್ನು ಹೇಳುವುದಿಲ್ಲ.