ಗಂಡಸರ ಬೆಂಚು

“ಕುಡಿಯೋ ಬೋಳಿಮಗನೆ. ಕುಡಿದ್ರೆ ಬೆಂಚಲ್ಲಿ ಕೂತ್ಕೋ, ಇಲ್ಲಾಂದ್ರೆ ಹೆಂಗಸರ ಜೊತೆ ತಟ್ಟೆ ಹಿಡಿ,” ಎಂದು ಧಣಿ ಸಣ್ಣಕ್ಕನತ್ತ ಲೋಟ ಚಾಚಿದ.

ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಕಾರ್ಖಾನೆಗೆ ಹೊಸ ಯಂತ್ರ ಬಂದಿತ್ತು. ಆ ಖುಷಿಗೆ ಊಟದ ಬಿಡುವಿನಲ್ಲಿ ಗಂಡಾಳುಗಳಿಗೆ ಬೆಂಚು, ಬಾಟಲಿ. ಹೆಣ್ಣಾಳುಗಳಿಗೆ ಬಡಿಸುವ ಕೆಲಸ. ಸಣ್ಣಕ್ಕ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು. ಆ ಹೆಸರಿಟ್ಟವಳು ಬಟ್ಟೆ ಮಡಚುವ ಅಜ್ಜಿ. ಧಣಿಯ ನಾಲಿಗೆ ಮಾತ್ರ ಅದಕ್ಕೆ ಇನ್ನೂ ಹೊರಳಿರಲಿಲ್ಲ.

ಕುಡಿತ ಸಣ್ಣಕ್ಕನಿಗೆ ಹೊಸದಲ್ಲ. ಗಂಡಸಿನ ವೇಷದಲ್ಲಿದ್ದಷ್ಟು ಕಾಲ ಬಾಟಲಿಯೇ ಅವಳ ಗೆಳತಿ. ಹೆಣ್ತನದ ಹಾರ್ಮೋನ್ ಮಾತ್ರೆ ಶುರುವಾದಾಗ ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು: ಮಾತ್ರೆಯನ್ನೂ ಹೆಂಡವನ್ನೂ ಅರಗಿಸಬೇಕಾದದ್ದು ಅದೇ ಬಡಪಾಯಿ ಲಿವರ್ರು, ಜೊತೆಯ ಇನ್ನೊಂದು ಮಾತ್ರೆ ರಕ್ತದೊತ್ತಡ ಇಳಿಸುತ್ತದೆ, ಮೇಲೆ ಹೆಂಡ ಬಿದ್ದರೆ ತಲೆ ತಿರುಗುತ್ತದೆ. ಯಾವಾಗಲೋ ಒಂದು ಗುಟುಕಿಗೆ ಆಕಾಶ ಕಳಚಿ ಬೀಳದು, ಆದರೆ ಬಿಸಿ ಯಂತ್ರದ ಪಕ್ಕ ಬೇಡವೇ ಬೇಡ. ಆಮೇಲೂ ಧಣಿಯ ಬಲವಂತಕ್ಕೆ ಒಮ್ಮೆ ಕುಡಿದು, ಕಣ್ಣು ಕತ್ತಲಿಟ್ಟು, ಕಾದ ಇಸ್ತ್ರಿ ಹಲಗೆಗೆ ಮೊಣಕೈ ಊರಿದ್ದಳು. ಮುಲಾಮು ಹಚ್ಚುತ್ತ ಅಜ್ಜಿ, ಹೆಣ್ಣಾಗು ಅಂದ್ರೆ ಸುಟ್ಟ ಬದನೆಕಾಯಿ ಆಗ್ತೀಯಲ್ಲೇ ಎಂದು ರೇಗಿಸಿದ್ದಳು.

ಈಗ ಇನ್ನೂ ಅರ್ಧ ಪಾಳಿ ಬಾಕಿ. ಧಣಿಗೆ ಬೇಡ ಎಂದವರು ಮಾರನೆಯ ದಿನ ಗೇಟಿನ ಹೊರಗೆ, ಅದು ಎಲ್ಲರಿಗೂ ಗೊತ್ತು. ಬೆಂಚಿನವರು ಕಿಸಿಕಿಸಿ ನಕ್ಕರು.

ಸಣ್ಣಕ್ಕ ಲೋಟ ತೆಗೆದುಕೊಂಡಳು. ಹೋಗಿ ಬೆಂಚಿನ ನಟ್ಟನಡುವೆ, ಇಬ್ಬರನ್ನು ಸೊಂಟದಿಂದ ಸರಿಸಿ ಕೂತಳು. ಪಕ್ಕದ ಜಾಗ ತಟ್ಟಿದಳು.

“ಬಾರೇ ಅಜ್ಜಿ, ಕಾಲು ನೋಯ್ತಿದೆ ಅಂತಿದ್ಯಲ್ಲ. ಇದು ನನ್ನ ಮಾತ್ರೆಗೆ ಆಗಿಬರಲ್ಲ. ನಿಂಗೆ?”

“ನಂಗ್ಯಾವ ಮಾತ್ರೆನೂ ಇಲ್ಲ, ಬಾಯಾರಿಕೆ ಇದೆ,” ಎಂದ ಅಜ್ಜಿ ಬಾಟಲಿಯಿದ್ದ ತಟ್ಟೆಯನ್ನು ಧಣಿಯ ಕೈಗಿತ್ತು ಬಂದು ಕೂತಳು. ಸಣ್ಣಕ್ಕನ ಕೈಯಿಂದ ಲೋಟ ತೆಗೆದುಕೊಂಡು ಒಂದೇ ಉಸಿರಿಗೆ ಬರಿದು ಮಾಡಿದಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಂದರು. ತುದಿಯಲ್ಲಿದ್ದ ಗಂಡಸರು ಜಾಗ ಸಾಲದೆ ಏಳಬೇಕಾಯಿತು.

ಧಣಿಯ ಮುಖ ಕೆಂಪೇರಿತು. ನಾಳೆಯಿಂದ ನಿನಗೆ ಕೆಲಸವಿಲ್ಲ ಎಂದ.

“ನಾಳೆ ಮಾತು ನಾಳೆ,” ಎಂದು ಸಣ್ಣಕ್ಕ ಕಾಲು ನೀಡಿದಳು. “ಈಗ ಅಜ್ಜಿಗೆ ಇನ್ನೊಂದು ಹಾಕಿ ಧಣಿ. ನಂಗೆ ನೀರು ಸಾಕು. ತಣ್ಣಗಿರಲಿ.”