ಹಿಂದಿನ ಕೋಣೆಯ ದನಿ

"ಖಾಲಿ ಇರೋದು ಒಂದೇ ಸ್ಲಾಟು," ಎಂದು ಅಂಗಡಿಯಾಕೆ ಫೋನಿನ ಪರದೆಯ ಮೇಲೆ ಎರಡು ಬೆರಳಿಟ್ಟು ಕಂಪ್ಯೂಟರಿನ ಒಳಭಾಗದ ಚಿತ್ರವನ್ನು ಹಿಗ್ಗಿಸಿದಳು. "ಇಲ್ಲಿ ನೋಡಿ. ವೈಫೈ ಕಾರ್ಡು ಹಾಕ್ತೀರೋ, ಸೌಂಡ್ ಕಾರ್ಡು ಹಾಕ್ತೀರೋ ನೀವೇ ಹೇಳಿ. ಎರಡೂ ಒಳಗೆ ಹೋಗಲ್ಲ."

"ಯಾಕೆ ಹೋಗಲ್ಲ? ಸ್ವಲ್ಪ ಸರಿಸಿದ್ರೆ ಹೋಗತ್ತೆ," ಎಂದ ಭಾವ.

"ಬಸ್ಸಿನ ಸೀಟಲ್ಲ ಸಾರ್ ಇದು, ಸ್ವಲ್ಪ ಆ ಕಡೆ ಸರೀರಿ ಅನ್ನೋಕೆ."

ಭಾವನ ಬೆನ್ನ ಹಿಂದೆ ನಿಂತಿದ್ದ ಹುಡುಗಿಗೆ ನಗು ಬಂತು. ಅದನ್ನವಳು ತುಟಿಯೊಳಗೇ ಇಟ್ಟುಕೊಂಡಳು. ಮನೆಯಲ್ಲಿ ಅವಳನ್ನು ಎಲ್ಲರೂ ಪಿಸು ಎಂದೇ ಕರೆಯುತ್ತಿದ್ದರು. ಉಳಿದ ಮಕ್ಕಳು ತೊದಲುತ್ತ ಮಾತು ಕಲಿತರೆ ಇವಳು ಪಿಸುಗುಟ್ಟುತ್ತ ಕಲಿತಳು ಎಂದು ಅಮ್ಮ ಬಟ್ಟೆ ಹೊಲಿಸಲು ಬಂದವರಿಗೆಲ್ಲ ಹೇಳುವಳು. ಪದವಿ ಮುಗಿದರೂ ಆ ಹೆಸರು ಅವಳನ್ನು ಬಿಟ್ಟುಹೋಗಲಿಲ್ಲ. ಕೆಲಸದ ಸಂದರ್ಶನಗಳಿಗೆ ಹೋದರೆ ಮೇಜಿನ ಆಚೆಯವರು "ಏನಂದ್ರಿ?" ಎಂದು ಮುಂದಕ್ಕೆ ಬಾಗುವರು. ಅವರು ಬಾಗಿದಷ್ಟೂ ಇವಳು ಕುರ್ಚಿಯಲ್ಲಿ ಹಿಂದಕ್ಕೆ ಸರಿಯುವಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ದನಿಮುದ್ರಿಸಿ ಕೊಡುವ ಗ್ರಂಥಾಲಯವೊಂದು ಮನೆಯಲ್ಲೇ ಕೂತು ಓದುವವರನ್ನು ಹುಡುಕುತ್ತಿದೆ ಎಂದು ತಿಳಿದ ದಿನ ಪಿಸುವಿಗೆ ನಿದ್ದೆ ಬಂದಿರಲಿಲ್ಲ. ಎದುರಿಗೆ ಪುಸ್ತಕ ಮಾತ್ರ ಇರುತ್ತದೆ, ಮುಖಗಳಿರುವುದಿಲ್ಲ. ಇಂಥದೊಂದು ಕೆಲಸ ಲೋಕದಲ್ಲಿದೆ, ಅದಕ್ಕೆ ಸಂಬಳವನ್ನೂ ಕೊಡುತ್ತಾರೆ ಎಂಬುದೇ ಅವಳಿಗೆ ಯಾರೋ ತನ್ನನ್ನು ನೆನೆದುಕೊಂಡು ಮಾಡಿಟ್ಟ ಏರ್ಪಾಡಿನಂತೆ ಕಂಡಿತ್ತು. ಒಂದು ಪುಟ ಓದಿ ಕಳಿಸಿದಳು. ಅಲ್ಲಿನ ಮುಖ್ಯಸ್ಥೆ ಉತ್ತರ ಬರೆದರು. ಉಚ್ಚಾರ ಚೆನ್ನಾಗಿದೆ, ಆದರೆ ಹಿಂದೆ ಗುಂಯ್ ಎನ್ನುವ ಸದ್ದಿದೆ. ನಿಮ್ಮ ದನಿಯೂ ಎಲ್ಲೋ ದೂರದಿಂದ ಬಂದಂತಿದೆ. ಶನಿವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ನೇರವಾಗಿ ಓದಿಸಿ ಕೇಳುತ್ತೇನೆ, ಆಮೇಲೆ ತೀರ್ಮಾನ.

ಮನೆಯವರು ಆ ಎರಡು ದೂರುಗಳನ್ನೂ ಕಂಪ್ಯೂಟರಿನ ತಲೆಗೇ ಕಟ್ಟಿದರು. "ಒಳ್ಳೆ ಸೌಂಡ್ ಕಾರ್ಡು ಬಿದ್ರೆ ದೂರದಲ್ಲಿರೋದು ತಾನಾಗೇ ಹತ್ತಿರ ಬರತ್ತೆ ಬಿಡು," ಎಂದಿದ್ದ ಭಾವ. ಪಿಸುವಿಗೆ ಅಷ್ಟು ನಂಬಿಕೆ ಇರಲಿಲ್ಲ. ಆದರೆ ನಂಬಲು ಇಷ್ಟವಿತ್ತು.

ಆ ಕಂಪ್ಯೂಟರು ಬಂದದ್ದೇ ಭಾವನಿಂದ. ಅವನ ಆಫೀಸಿನಲ್ಲಿ ಹಳೆಯವನ್ನು ಮಾರಿದಾಗ ಒಂದನ್ನು ಕೊಂಡು, ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದ. ಅದನ್ನು ಇಡಲು ಮನೆಯಲ್ಲಿ ಸದ್ದಿಲ್ಲದ ಜಾಗವೆಂದರೆ ಹಿಂದಿನ ಕೋಣೆ. ಅಲ್ಲಿ ಅಮ್ಮ ಬಟ್ಟೆಯ ಥಾನುಗಳನ್ನು ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದಳು. ಅವು ಸದ್ದನ್ನೆಲ್ಲ ನುಂಗಿಕೊಳ್ಳುತ್ತಿದ್ದವು. ಇಂಟರ್‌ನೆಟ್ಟಿನ ರೂಟರ್ ಇದ್ದದ್ದು ಮುಂದಿನ ಕೋಣೆಯಲ್ಲಿ, ಅಮ್ಮನ ಹೊಲಿಗೆ ಮಷೀನಿನ ಪಕ್ಕ. ನಡುವೆ ಎರಡು ಗೋಡೆ, ಒಂದು ಕಬ್ಬಿಣದ ಬೀರು. ಗೋಡೆ ಕೊರೆಯಲು ಮನೆಯ ಮಾಲೀಕರು ಒಪ್ಪಿರಲಿಲ್ಲ. ಹೊಸಿಲ ಮೇಲೆ ವೈರು ಎಳೆದರೆ ಅಮ್ಮ ದಿನಕ್ಕೊಮ್ಮೆ ಎಡವುವುದು ಖಂಡಿತವಿತ್ತು.

ಭಾವ ಗಾಜಿನ ಕಪಾಟಿನಿಂದ ದೊಡ್ಡದೊಂದು ಪೆಟ್ಟಿಗೆಯನ್ನು ಇಳಿಸಿಕೊಂಡಿದ್ದ. "ಪಿಸು, ಇದನ್ನ ನೋಡೇ! ಇದು ಒಳಗೆ ಹಾಕೋ ಸೌಂಡ್ ಕಾರ್ಡು. ಏಳು ಕಡೆಯಿಂದ ಸೌಂಡ್ ಬರತ್ತಂತೆ. ಲೈಟು ಬೇರೆ ಇದೆ."

"ಅದು ಆಟ ಆಡೋರಿಗೆ ಸಾರ್. ಬರೀ ಓದೋಕೆ ಅಂದ್ರೆ ಮೂಗಿಗಿಂತ ಮೂಗುತಿ ಭಾರ ಆಗತ್ತೆ."

"ಆಗ್ಲಿ ಬಿಡಿ. ವೈಫೈಗೆ ಈ ಉಗುರಷ್ಟು ಇರೋದನ್ನ ಹೊರಗೆ ಸಿಕ್ಕಿಸಿದ್ರಾಯ್ತು."

"ಎರಡು ಗೋಡೆ, ಒಂದು ಬೀರು ಅಂದ್ರಲ್ಲ? ಈ ಉಗುರಿಗೆ ಅಷ್ಟು ದೂರ ಕಿವಿ ಕೇಳಿಸಲ್ಲ." ಅಂಗಡಿಯಾಕೆ ಬಾಗಿ ಅವನ ಭುಜದ ಆಚೆ ನೋಡಿದಳು. "ಕೆಲಸ ಮಾಡೋರು ನೀವಲ್ವಾ? ನಿಮಗೇನು ಬೇಕಮ್ಮ?"

ತನಗೇನು ಬೇಕೆಂದು ಪಿಸುವಿಗೆ ಗೊತ್ತಿತ್ತು. ಕಂಪ್ಯೂಟರಿನ ಫ್ಯಾನು ಜೋರಾಗಿ ತಿರುಗಿದಾಗ ಹೆಡ್‌ಫೋನಿನ ಗುಂಯ್ ಕೂಡ ಏರುವುದನ್ನು ಅವಳು ಎಷ್ಟೋ ಸಲ ಕಣ್ಣು ಮುಚ್ಚಿ ಕೇಳಿದ್ದಳು. ರೋಗ ಇದ್ದದ್ದು ಡಬ್ಬಿಯ ಹೊಟ್ಟೆಯಲ್ಲಿ. ಹಾಗಿದ್ದಮೇಲೆ ದನಿಯನ್ನು ಆ ಹೊಟ್ಟೆಯಿಂದ ಆಚೆ ತರಬೇಕು, ಯುಎಸ್‌ಬಿ ವೈರಿನ ತುದಿಗೆ ಸಿಕ್ಕಿಸುವ ಸಣ್ಣ ಸೌಂಡ್ ಕಾರ್ಡು ಸಾಕು. ಖಾಲಿ ಸ್ಲಾಟಿಗೆ ವೈಫೈ ಕಾರ್ಡು ಹಾಕಿ, ಅದರ ಆಂಟೆನಾಗಳನ್ನು ವೈರಿನಲ್ಲಿ ಎಳೆದು ಬೀರುವಿನ ನೆತ್ತಿಯ ಮೇಲೆ ಕೂರಿಸಬಹುದು. ಇಷ್ಟನ್ನೂ ಅವಳು ಹೇಳಿದಳು.

"ಏನಂದ್ರಿ?" ಎಂದು ಅಂಗಡಿಯಾಕೆ ಮುಂದಕ್ಕೆ ಬಾಗಿದಳು.

"ತಾಳಿ, ನಾನು ಹೇಳ್ತೀನಿ. ಸೌಂಡು ಒಳಗೆ, ವೈಫೈ ಹೊರಗೆ ಅಂತಿದಾಳೆ," ಎಂದ ಭಾವ.

ಪಿಸು ಅವನ ತೋಳು ಎಳೆದು ಅಲ್ಲವೆಂದು ತಲೆಯಾಡಿಸಿದಳು. ಬೆರಳನ್ನು ಗಾಜಿನ ಮೇಲಿಟ್ಟಳು. ಮೊದಲು ಬೆಂಕಿಪೊಟ್ಟಣದಷ್ಟಿದ್ದ ಕಪ್ಪು ಸೌಂಡ್ ಕಾರ್ಡಿನ ಮೇಲೆ, ಆಮೇಲೆ ಎರಡು ಆಂಟೆನಾಗಳ ವೈಫೈ ಕಾರ್ಡಿನ ಮೇಲೆ. ಭಾವ ಬೆರಳನ್ನು ನೋಡಿದ, ಅವಳ ಮುಖವನ್ನು ನೋಡಿದ. ತಾನು ಎದೆಗವಚಿ ಹಿಡಿದಿದ್ದ ಪೆಟ್ಟಿಗೆಯನ್ನು ಮೆಲ್ಲಗೆ ಕಪಾಟಿಗೆ ವಾಪಸು ಇಟ್ಟ.

"ಅವಳ ಬೆರಳು ಎಲ್ಲಿದೆಯೋ ಅದನ್ನೇ ಕೊಟ್ಬಿಡಿ," ಎಂದ. ದಾರಿಯುದ್ದಕ್ಕೂ ಆ ದೀಪಗಳ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಮನೆಯ ತಿರುವು ಬಂದಾಗ ಮಾತ್ರ, "ಏಳು ಬಣ್ಣ ಇತ್ತು ಕಣೇ," ಎಂದ.

ಶುಕ್ರವಾರ ಸಂಜೆಯ ಹೊತ್ತಿಗೆ ಎಲ್ಲವೂ ಕೂತವು. ಸುಮ್ಮನಿದ್ದಾಗಲೂ ಜ್ವರ ಬಂದವರಂತೆ ನಡುಗುತ್ತಿದ್ದ, ದನಿಯ ಏರಿಳಿತ ತೋರಿಸುವ ಪರದೆಯ ನೀಲಿ ಗೆರೆ ಈಗ ನೇರ ಮಲಗಿತ್ತು. ಪಿಸು ಮೈಕಿದ್ದ ಹೆಡ್‌ಫೋನು ಹಾಕಿಕೊಂಡು ತನ್ನ ಉಸಿರನ್ನು ಕೇಳಿದಳು. ಕೈಬಳೆ ಮೇಜಿಗೆ ತಾಗಿದ್ದು ಕೇಳಿಸಿತು. ಗುಂಯ್ ಇರಲಿಲ್ಲ. ಅದರ ಬದಲು ಬಹಳ ದೂರದಲ್ಲಿ ಟರ್‌ರ್‌ರ್ ಎಂಬ ಸದ್ದು ಬಂತು, ನೀಲಿ ಗೆರೆ ಸಣ್ಣಗೆ ತಲೆಯೆತ್ತಿತು.

"ಅಮ್ಮಂದು ಮಷೀನು," ಎಂದಳು.

ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ಸಪ್ಪಗಾಯಿತು. ಶಾಲೆಯೊಂದರ ಮಕ್ಕಳ ಬಟ್ಟೆಗಳನ್ನು ಅವಳು ಶನಿವಾರ ಸಂಜೆಯೊಳಗೆ ಕೊಡಬೇಕಿತ್ತು. "ಅಷ್ಟೇ ತಾನೆ?" ಎಂದಳು. "ನೀನು ಓದಿ ಮುಗಿಸೋವರ್ಗೂ ಕೈಯಲ್ಲೇ ಹೊಲೀತೀನಿ. ನನ್ನಮ್ಮ ಮಷೀನಲ್ಲಿ ಹೊಲೀತಿದ್ಲಾ?"

ಬೆಳಿಗ್ಗೆ ಪಿಸು ಬಾಗಿಲು ಹಾಕಿಕೊಂಡು ಕೂತಳು. ಮುಖ್ಯಸ್ಥೆಯ ದನಿ ಹೆಡ್‌ಫೋನಿನಲ್ಲಿ ಪಕ್ಕದಲ್ಲೇ ಕೂತವರ ದನಿಯಂತೆ ಕೇಳಿಸಿತು. ತಮಗೂ ಹುಟ್ಟಿನಿಂದ ಕಣ್ಣಿಲ್ಲ, ಆದ್ದರಿಂದ ಮುಖ ತೋರಿಸುವ ಅಗತ್ಯವಿಲ್ಲ ಎಂದರು. ಮೊದಲೇ ಕಳಿಸಿದ್ದ ಪಾಠವನ್ನು ಓದಲು ಹೇಳಿದರು. ಅದು ಎಂಟನೇ ತರಗತಿಯ ವಿಜ್ಞಾನದ ಪಾಠ, ಎರೆಹುಳುವಿನ ಬಗ್ಗೆ.

ಪಿಸು ಓದಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ಎರೆಹುಳುವಿಗೆ ಗೊತ್ತಾಗದ ಹಾಗೆ ಅದರ ಬಗ್ಗೆ ಯಾರ ಕಿವಿಯಲ್ಲೋ ಹೇಳುವವಳಂತೆ ಓದಿದಳು.

"ಗುಂಯ್ ಹೋಗಿದೆ," ಎಂದರು ಅವರು. "ತುಂಬ ಸ್ವಚ್ಛವಾಗಿದೆ. ಆದ್ರೆ ನಿಮ್ಮ ದನಿ ಇನ್ನೂ ಅಲ್ಲೇ ಇದೆಯಲ್ಲಮ್ಮ, ಬಾಗಿಲ ಹಿಂದೆ. ಹಿಂದಿನ ಬೆಂಚಲ್ಲಿ ಕೂತಿರೋ ಮಗುಗೆ ಇದು ಮುಟ್ಟಲ್ಲ. ಬೇಜಾರು ಮಾಡ್ಕೋಬೇಡಿ, ನಾವು..."

ಮಾತು ಅಲ್ಲಿಗೇ ನಿಂತಿತು. ಪಿಸು ಕಾದಳು. ಪರದೆಯ ಮೂಲೆಯಲ್ಲಿ ವೈಫೈ ಗುರುತಿನ ಮೇಲೆ ಅಡ್ಡಗೆರೆ ಬಿದ್ದಿತ್ತು. ಬೀರುವಿನ ಮೇಲೆ ಆಂಟೆನಾಗಳು ನೆಟ್ಟಗೆ ನಿಂತಿದ್ದವು. ಅವುಗಳ ತಪ್ಪೇನೂ ಕಾಣಲಿಲ್ಲ. ಹೆಡ್‌ಫೋನನ್ನು ಮೇಜಿನ ಮೇಲೆ ಕಳಚಿಟ್ಟು ಬಾಗಿಲು ತೆರೆದು ಓಡಿದಳು.

ಮುಂದಿನ ಕೋಣೆಯಲ್ಲಿ ಗಾಳಿಯೂ ಅಲುಗುತ್ತಿರಲಿಲ್ಲ. ಫ್ಯಾನು ನಿಂತಿತ್ತು. ಫ್ರಿಜ್ಜು ನಿಂತು ಕೆಳಗೆ ನೀರು ಇಳಿದಿತ್ತು, ಅದಕ್ಕೆ ಯಾರೋ ಒಂದು ಬಟ್ಟೆ ಒತ್ತಿಟ್ಟಿದ್ದರು. ಗೋಡೆ ಗಡಿಯಾರ ಹೊಟ್ಟೆಯೊಳಗಿನ ಸೆಲ್ ಕಳೆದುಕೊಂಡು ದಿಂಬಿನ ಮೇಲೆ ಬೋರಲು ಮಲಗಿತ್ತು. ಕಿಟಕಿಯ ಬೆಳಕಿನಲ್ಲಿ ಅಮ್ಮ ಪುಟ್ಟದೊಂದು ಅಂಗಿಯ ಅಂಚನ್ನು ಕೈಯಲ್ಲಿ ಹೊಲಿಯುತ್ತಿದ್ದಳು. ಭಾವ ಬರಿಗಾಲಿನಲ್ಲಿ ಗೋಡೆಗೊರಗಿ ನಿಂತಿದ್ದ, ತುಟಿಯ ಮೇಲೆ ಬೆರಳು, ಮುಖದಲ್ಲಿ ಹೆಮ್ಮೆ. ಅವನ ಇನ್ನೊಂದು ಕೈಯಲ್ಲಿ ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ಗಿತ್ತು.

"ಅದನ್ಯಾಕೆ ಕಿತ್ರಿ?" ಎಂದಳು ಪಿಸು.

"ಶ್!" ಎಂದ ಭಾವ. "ಅಮ್ಮನ ಕಾಲು ಸುಮ್ನಿರಲ್ಲ ಕಣೇ. ಎರಡು ಸಲ ಪೆಡಲ್ ಮೇಲೆ ಹೋಗಿತ್ತು. ಅದಕ್ಕೆ ಮಷೀನಿನ ಕರೆಂಟೇ ತೆಗೆದ್ಬಿಟ್ಟೆ."

"ಅದೇ ಬೋರ್ಡಲ್ಲಿ ರೂಟರೂ ಇದೆಯಲ್ಲ ಭಾವಾ!"

ಭಾವ ಪ್ಲಗ್ಗನ್ನು ನೋಡಿದ. ರೂಟರನ್ನು ನೋಡಿದ. ಅವನ ಬೆರಳು ತುಟಿಯಿಂದ ತಾನಾಗೇ ಕೆಳಗಿಳಿಯಿತು.

"ಹಾಕಿ ಬೇಗ! ಅವರು ಅಲ್ಲಿ ಮಾತಾಡ್ತಾನೇ ಇರ್ತಾರೆ!" ಪಿಸು ಹಿಂದಕ್ಕೆ ಓಡಿ ಕುರ್ಚಿಯಲ್ಲಿ ಕೂತಳು. ಬಾಗಿಲು ಹಾಕಲು ಪುರುಸೊತ್ತಿರಲಿಲ್ಲ. ಎರಡು ಗೋಡೆಗಳನ್ನು ದಾಟಿ ಕೇಳುವ ಹಾಗೆ ಕೂಗಿದಳು, "ಭಾವಾ, ದೀಪ ಹಸಿರಾಯ್ತಾ?"

"ಇನ್ನೂ ಕೆಂಪೇ ಇದೆ!"

"ಕಣ್ಣು ಬಿಟ್ಟು ನೋಡಿ ಸರಿಯಾಗಿ! ನಿಮ್ಮ ಉಪಕಾರ ಅಂದ್ರೆ ಹೀಗೇನೇ. ಉರಿಯೋ ದೀಪ ಆರಿಸಿ, ಕತ್ತಲೆ ಆಯ್ತು ಅಂತ ಹುಡುಕೋಕೆ ಬರ್ತೀರಿ!"

"ಅವ್ರನ್ನ ಬೈಬೇಡ್ವೇ," ಎಂದು ಅಮ್ಮನ ದನಿ ಬಂತು. "ನನ್ನ ಕಾಲಿಗೇ ಬುದ್ಧಿ ಇಲ್ಲ."

"ನಿನ್ನನ್ನೂ ಬೈತೀನಿ ಇರು! ಕನ್ನಡಕ ಹಾಕ್ದೆ ಸೂಜಿ ಹಿಡಿದಿದೀಯಲ್ಲ, ಬೆರಳಿಗೆಷ್ಟು ಸಲ ಚುಚ್ಕೊಂಡೆ? ಯಾರಿಗೋಸ್ಕರ ಇಷ್ಟೆಲ್ಲ? ಒಂದು ಎರೆಹುಳಕ್ಕೋಸ್ಕರ! ಭಾವಾ, ಹಸಿರಾಯ್ತಾ?"

"ಹಸಿರಾಯ್ತು ಅಂತ ಹೇಳಿ ನಿಮ್ಮ ಭಾವನಿಗೆ," ಎಂದಿತು ಮೇಜಿನ ಮೇಲಿದ್ದ ಹೆಡ್‌ಫೋನು.

ಪಿಸು ಹೆಡ್‌ಫೋನನ್ನು ಎತ್ತಿ ಕಿವಿಗಿಟ್ಟುಕೊಂಡಳು.

"ಮೇಡಂ, ಕ್ಷಮಿಸಿ. ಯಾವಾಗಿನಿಂದ..."

"ಉಪಕಾರದಿಂದ," ಎಂದರು ಅವರು. ನಗುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. "ಒಂದು ಕೇಳ್ತೀನಿ. ಆಗ ಓದಿದವರು ಯಾರು? ಈಗ ಬೈದವರು ಯಾರು?"

"ಇಬ್ಬರೂ ನಾನೇ ಮೇಡಂ."

"ಹಾಗಾದ್ರೆ ಎರಡನೆಯವರು ಓದ್ಲಿ. ಬಾಗಿಲು ಹಾಕಬೇಡಿ. ನನಗೆ ಓದೋದೂ ಬೇಡ. ಆ ಕಡೆ ಇದ್ದಾರಲ್ಲ, ಅವರಿಗೆ ಓದಿ ಹೇಳಿ."

ಪಿಸು ತೆರೆದ ಬಾಗಿಲ ಕಡೆಗೆ ನೋಡಿದಳು. ನಡುಕೋಣೆಯ ಆಚೆ ಕಿಟಕಿಯ ಒಂದು ಚೂರು ಬೆಳಕು, ಆ ಬೆಳಕಿನಲ್ಲಿ ಏಳುತ್ತ ಇಳಿಯುತ್ತ ಇದ್ದ ಅಮ್ಮನ ಕೈ ಕಂಡವು. ಓದಲು ಶುರು ಮಾಡಿದಳು. ಎರೆಹುಳುವಿಗೆ ಕಣ್ಣಿಲ್ಲ, ಕಿವಿಯಿಲ್ಲ. ಆದರೂ ಬೆಳಕು ಯಾವ ಕಡೆಯಿದೆ ಎಂದು ಅದರ ಚರ್ಮಕ್ಕೆ ಗೊತ್ತಾಗುತ್ತದೆ, ನೆಲ ಅದುರಿದರೆ ಮೈಗೆ ತಿಳಿಯುತ್ತದೆ. ಸೂಜಿ ನಿಂತಿತು. "ಹೌದಾ?" ಎಂದಳು ಅಮ್ಮ. "ಶ್!" ಎಂದ ಭಾವ. ಪಿಸು ನಿಲ್ಲಿಸಲಿಲ್ಲ. ಹುಳು ಮಣ್ಣು ತಿಂದು, ಮಣ್ಣನ್ನೇ ಹಗುರಾಗಿಸಿ ಹೊರಗಿಡುವಲ್ಲಿಗೆ ಬರುವಾಗ ಅವಳ ದನಿ ಬೀರು ದಾಟಿ, ಬಾಗಿಲು ದಾಟಿ, ಫ್ರಿಜ್ಜಿನ ಕೆಳಗಿನ ಒದ್ದೆ ಬಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ ಭಾವನವರೆಗೂ ಹೋಗಿತ್ತು.

"ಸಾಕು," ಎಂದರು ಮುಖ್ಯಸ್ಥೆ. "ಪೂರ್ತಿ ಪುಸ್ತಕ ಸೋಮವಾರ ಕಳಿಸ್ತೀನಿ. ಎರೆಹುಳು ಆದ್ಮೇಲೆ ಕಪ್ಪೆ ಬರತ್ತೆ. ಓದೋವಾಗೆಲ್ಲ ಒಬ್ಬರನ್ನ ಮನಸ್ಸಲ್ಲಿ ಎದುರಿಗೆ ಕೂರಿಸ್ಕೊಳ್ಳಿ."

"ತುಂಬ ಉಪಕಾರ ಆಯ್ತು ಮೇಡಂ."

"ನನಗ್ಯಾಕೆ ಹೇಳ್ತೀರಿ? ಉರಿಯೋ ದೀಪ ಆರಿಸಿದವರಿಗೆ ಹೇಳಿ."

ಕರೆ ಮುಗಿದ ಮೇಲೆ ಪಿಸು ಹೆಡ್‌ಫೋನನ್ನು ಕಳಚಿಟ್ಟಳು. ಆಮೇಲೆ ಮುಂದಿನ ಕೋಣೆಗೆ ಹೋದಳು. ಭಾವ ಸ್ಟೂಲು ಹತ್ತಿ ಗಡಿಯಾರವನ್ನು ಮೊಳೆಗೆ ತಗುಲಿಸುತ್ತಿದ್ದ. ಬೆನ್ನು ತಿರುಗಿಸಿಯೇ, "ಏನಂತೆ?" ಎಂದ. ಸೋಮವಾರ ಪುಸ್ತಕ ಬರುತ್ತದೆ ಎಂದಳು. ಅವನು ಇಳಿಯದೆ ಗಡಿಯಾರವನ್ನು ಆ ಕಡೆ ಈ ಕಡೆ ನೇರ ಮಾಡುತ್ತಲೇ ಇದ್ದ. ಪಿಸು ಅವನು ಬೀಳದ ಹಾಗೆ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಹೀಗೆ ಸರಿಯಾಗಿದೆಯಾ?" ಎಂದ.

"ಸರಿಯಾಗಿದೆ ಭಾವಾ," ಎಂದಳು. ಗಡಿಯಾರ ಸೊಟ್ಟಗಿತ್ತು.

ಅಮ್ಮ ಹೊಲಿದು ಮುಗಿಸಿದ್ದ ಅಂಗಿಗಳನ್ನು ಅವಳು ಮಡಿಸಿಟ್ಟಳು. ಕೈಹೊಲಿಗೆಯ ಎಳೆಗಳು ಎರಡು ಅಂಗಿಗಳ ಅಂಚಿನಲ್ಲಿ ಸಣ್ಣಗೆ, ಹತ್ತಿರ ಹತ್ತಿರ ಕೂತಿದ್ದವು. ಅಮ್ಮ ಕನ್ನಡಕ ಹಾಕಿಕೊಂಡು ಮಷೀನಿನ ಮುಂದೆ ಕೂತಳಾದರೂ ಕಾಲಿಡಲಿಲ್ಲ.

"ಈಗ ಹಾಕ್ಲಾ?" ಎಂದು ಪಿಸುಗುಟ್ಟಿದಳು.

"ಹಾಕಮ್ಮ."

ಪಿಸು ಹಿಂದಿನ ಕೋಣೆಗೆ ಬಂದಳು. ಕಂಪ್ಯೂಟರು ಇನ್ನೂ ಚಾಲೂ ಇತ್ತು, ಕಪ್ಪು ಸೌಂಡ್ ಕಾರ್ಡಿನ ಮೇಲೆ ಚುಕ್ಕೆಯಂಥ ದೀಪ ಉರಿಯುತ್ತಿತ್ತು. ಆರಿಸಲೆಂದು ಕೈ ಚಾಚಿದಳು. ಅಷ್ಟರಲ್ಲಿ ಆ ಕಡೆ ಮಷೀನು ಟರ್‌ರ್‌ರ್ ಎಂದಿತು. ಪರದೆಯ ಮೇಲೆ ನೇರ ಮಲಗಿದ್ದ ನೀಲಿ ಗೆರೆ ಸಣ್ಣಗೆ ಎದ್ದು, ಅಂಚಿನುದ್ದಕ್ಕೂ ಓಡಿ, ಅಮ್ಮ ಬಟ್ಟೆ ತಿರುಗಿಸುವಷ್ಟು ಹೊತ್ತು ನಿಂತು, ಮತ್ತೆ ಓಡಿತು. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅದನ್ನೇ ನೋಡುತ್ತ ಕೂತಳು.