ನಿಂಬೆವ್ವನ ಹೆಸರಿನ ವಾರಂಟು

ನಾನು ಒಂದು ವಾರಂಟು. ಹೆದರಬೇಡಿ, ನಿಮ್ಮ ಹೆಸರಿನದಲ್ಲ! ನಿಂಬೆವ್ವ ಎಂಬ ಹೆಣ್ಣುಮಗಳ ಹೆಸರಿನದು. ಹದಿನಾರು ವರ್ಷ ಆ ಹೆಸರನ್ನು ಎದೆಯ ಮೇಲೆ ಹೊತ್ತು ಮಲಗಿದ್ದೆ, ಅವಳ ಮುಖವನ್ನು ಒಮ್ಮೆಯೂ ನೋಡದೆ. ಕಾಣದವರ ಹೆಸರು ಹೊತ್ತು ಬದುಕುವುದು ನಮ್ಮ ಕುಲದ ಹಣೆಬರಹ.

ಹುಟ್ಟಿದ್ದು ತಾಲ್ಲೂಕು ಕೋರ್ಟಿನಲ್ಲಿ, ಬೆಂಚ್ ಕ್ಲರ್ಕ್ ಕುಬೇರಪ್ಪನವರ ಮೇಜಿನ ಮೇಲೆ. ಅದಕ್ಕೆ ಮೊದಲು ನಾನು ಬರಿಯ ಅಚ್ಚಾದ ನಮೂನೆ, ಹೊಟ್ಟೆಯ ತುಂಬ ಖಾಲಿ ಗೆರೆಗಳು. ಕುಬೇರಪ್ಪನವರು ಎಲೆ ಅಡಿಕೆ ಜಗಿಯುತ್ತ, ಮುತ್ತಿನಂಥ ಅಕ್ಷರದಲ್ಲಿ, ‘ನಿಂಬೆವ್ವ ಕೋಂ ಮಾರುತೆಪ್ಪ, ವಯಸ್ಸು ಇಪ್ಪತ್ತೆರಡು, ಉದ್ಯೋಗ ಮನೆಗೆಲಸ, ಒಂಬತ್ತನೇ ಆರೋಪಿ’ ಎಂದು ಬರೆದರು. ಮ್ಯಾಜಿಸ್ಟ್ರೇಟ್ ಸಾಹೇಬರು ತಲೆಯೆತ್ತದೆ ಸಹಿ ಹಾಕಿದರು. ದುಂಡನೆಯ ಮೊಹರು ದಪ್ಪೆಂದು ಬಿತ್ತು, ನನಗೆ ಜೀವ ಬಂತು. ಇವಳನ್ನು ದಸ್ತಗಿರಿ ಮಾಡಿ ಹಾಜರುಪಡಿಸತಕ್ಕದ್ದು, ಜಾಮೀನು ಇಲ್ಲ. ಇಷ್ಟು ದೊಡ್ಡ ಮಾತು ನನ್ನ ಮೇಲೆ ಬರೆದದ್ದು ಕಂಡು ನಾನು ಬೀಗಿದ್ದೇ ಬೀಗಿದ್ದು.

ಈ ಹೆಂಗಸು ಮಾಡಿದ್ದೇನು? ಕೊಲೆಯೇ, ಕಳವೇ? ಕಡತದಲ್ಲಿ ನನಗಿಂತ ಮೊದಲೇ ಇದ್ದ ಹಿರಿಯ ಹಾಳೆಗಳು ನಗುತ್ತ ಕಥೆ ಹೇಳಿದವು. ಅವಳ ಊರಿಗೆ ಹತ್ತೊಂಬತ್ತು ದಿನ ನಲ್ಲಿ ನೀರು ಬಂದಿರಲಿಲ್ಲ. ಓಣಿಯ ಹನ್ನೆರಡು ಹೆಂಗಸರು ಖಾಲಿ ಕೊಡ ಹಿಡಿದು ಡಾಂಬರು ರಸ್ತೆಯ ನಟ್ಟನಡುವೆ ಕುಳಿತರು. ಎರಡು ತಾಸು ಬಸ್ಸು ನಿಂತವು. ರಸ್ತೆ ತಡೆದರೆಂದು ಕೇಸಾಯಿತು. ಅಂದು ಸಂಜೆ ನೀರೂ ಬಂತಂತೆ, ಅದನ್ನು ಮಾತ್ರ ಯಾವ ಹಾಳೆಯಲ್ಲೂ ಬರೆದಿಲ್ಲ.

ಕೋರ್ಟಿನಿಂದ ಹನ್ನೆರಡು ಸಮನ್ಸು ಹೋದವು. ಓಣಿಗೆ ಹಿರಿಯಳು ಹೂವಕ್ಕ. ಆ ಊರಿನ ರೂಢಿ ಏನೆಂದರೆ, ಕಟ್ಟೆಯ ಮೇಲೆ ಪಂಚರು ಕೂತು ತಪ್ಪು ಎಣಿಸಿದಾಗ ಓಣಿಯ ಹಿರಿಯರು ಒಬ್ಬರು ಎದ್ದು ಕೈಮುಗಿದರೆ ಸಾಕು, ಎಲ್ಲರದೂ ಮುಗಿದಂತೆ. ಹೂವಕ್ಕ ಹನ್ನೆರಡೂ ಸಮನ್ಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಬ್ಬಳೇ ಬಂದಳು.

“ತಪ್ಪು ಒಪ್ಪುತ್ತೀಯೇನಮ್ಮ?” ಎಂದು ಸಾಹೇಬರು ಕೇಳಿದರಂತೆ.

“ಒಪ್ಪತೀನ್ರಿ. ನಮ್ಮ ಹನ್ನೆರಡೂ ಮಂದಿದು ಒಪ್ಪತೀನ್ರಿ.”

ಸಾಹೇಬರು ಅವಳೊಬ್ಬಳ ದಂಡ ಬರೆದು ಕಳಿಸಿದರು. ಹೂವಕ್ಕ ಊರಿಗೆ ಹೋಗಿ, “ಎಲ್ಲಾರದೂ ಮುಗಿಸ್ಕೊಂಡು ಬಂದೀನಿ, ಆರಾಮ ಇರ್ರಿ” ಅಂದಳು. ಆಮೇಲೆ ಬಂದ ಕಾಗದಗಳನ್ನೆಲ್ಲ ಹಳೇ ಚೀಟಿ ಎಂದು ತಿಳಿದು ಪೆಟ್ಟಿಗೆಯಲ್ಲಿ ಇಟ್ಟಳು. ಇತ್ತ ಕೋರ್ಟಿನಲ್ಲಿ ಮೂರು ತಾರೀಖು ಹನ್ನೊಂದು ಹೆಸರು ಕೂಗಿದರು, ಯಾರೂ ಬರಲಿಲ್ಲ. ಮೂರನೆಯ ತಾರೀಖಿಗೆ ನಾವು ಹನ್ನೊಂದು ವಾರಂಟು ಒಂದೇ ಬಸಿರಲ್ಲಿ ಹುಟ್ಟಿದೆವು.

ನಮ್ಮನ್ನು ಹೊತ್ತವರು ಠಾಣೆಯ ಹೆಡ್ ಕಾನ್‌ಸ್ಟೇಬಲ್ ಹುಸೇನಸಾಬ ನದಾಫರು. ಅವರ ಖಾಕಿ ಚೀಲದಲ್ಲಿ ನಶ್ಯದ ವಾಸನೆ, ಒಂದು ಕನ್ನಡಕ, ನಾವು. ಹತ್ತು ಮಂದಿ ಊರಲ್ಲೇ ಸಿಕ್ಕರು. ಸುದ್ದಿ ಕೇಳಿ ಹೂವಕ್ಕ ಹಣೆ ಬಡಿದುಕೊಂಡು, “ನಾನು ಒಪ್ಪಿ ಬಂದೀನಲ್ಲೋ ಯಪ್ಪಾ, ಮತ್ತ ಇವರ್ನ ಯಾಕ ಎಳದಾಡ್ತೀರಿ?” ಎಂದು ಅತ್ತಳು. ನದಾಫರ ಕಣ್ಣೂ ಒದ್ದೆಯಾದವು, ಆದರೆ ಕೆಲಸ ಕೆಲಸವೇ. ಹತ್ತೂ ಮಂದಿ ಟಂಟಂ ಗಾಡಿ ಹತ್ತಿ ಬಂದು ದಂಡ ಕಟ್ಟಿ ಹೋದರು. ಹತ್ತು ವಾರಂಟುಗಳಿಗೂ ಮುಕ್ತಿ ಸಿಕ್ಕಿತು.

ಉಳಿದದ್ದು ನಾನು. ನಿಂಬೆವ್ವ ಗಂಡನ ಸಂಗಡ ದುಡಿಯಲು ಊರು ಬಿಟ್ಟಿದ್ದಳು. ನದಾಫರು ಕೇಳಿದಾಗ ಅವಳ ಅತ್ತೆ ಬಾಗಿಲಿಗೆ ಅಡ್ಡ ನಿಂತು, “ಗೋವಾಕ್ಕ ಹೋಗ್ಯಾರ್ರಿ. ಅಡ್ರೆಸ್ ಗೊತ್ತಿಲ್ಲ. ಗೋವಾ ಅಂದ್ರ ದೊಡ್ಡದಲ್ರಿ!” ಅಂದಳು. ಹಸಿ ಸುಳ್ಳು, ನನಗದು ತಿಳಿದದ್ದು ಬಹಳ ತಡವಾಗಿ! ಸೊಸೆಯನ್ನು ಪೊಲೀಸರಿಂದ ಉಳಿಸಬೇಕೆಂಬ ಪ್ರೀತಿಯ ಸುಳ್ಳು. ಪಾಪ, ಹೆದರಬಾರದೆಂದು ಸೊಸೆಗೂ ಹೇಳಲಿಲ್ಲ. ಎರಡು ವರ್ಷಕ್ಕೆ ಮುದುಕಿ ತೀರಿಕೊಂಡಳು, ಗುಟ್ಟೂ ಅವಳೊಂದಿಗೇ ಹೋಯಿತು. ನದಾಫರು ನನ್ನ ಬೆನ್ನಿಗೆ ‘ಗೋವಾ’ ಎಂದು ಬರೆದು ಕಬ್ಬಿಣದ ಕಪಾಟಿನಲ್ಲಿಟ್ಟರು.

ವಾರಂಟಿಗೆ ಸಾವಿಲ್ಲ, ಗೊತ್ತೇ? ಕೊಟ್ಟವರೇ ರದ್ದು ಮಾಡಬೇಕು, ಇಲ್ಲವೇ ಹೆಸರಿನವರು ಸಿಗಬೇಕು. ಅಲ್ಲಿಯ ತನಕ ನಾನು ಜಾರಿಯಲ್ಲಿರುವ ಕಾಗದ. ಕತ್ತಲಲ್ಲಿ ಮಲಗಿ ನಾನು ಅವಳನ್ನು ಕನಸಿನಲ್ಲಿ ಕಾಣತೊಡಗಿದೆ. ಒಮ್ಮೆ ಅವಳು ಸಮುದ್ರದ ದಂಡೆಯಲ್ಲಿ ಮೀನು ಒಣಗಿಸುತ್ತಿದ್ದಳು. ಒಮ್ಮೆ ತಲೆಯ ಮೇಲೆ ಹನ್ನೆರಡು ಕೊಡ ಹೊತ್ತು ನೀರಿನ ಮೇಲೆಯೇ ನಡೆದು ಬರುತ್ತಿದ್ದಳು. ನಾನು ಸಮುದ್ರ ನೋಡಿದವನಲ್ಲ, ಗೋವಾ ಎಂಬ ಎರಡಕ್ಷರದ ಶಾಯಿ ಬಿಟ್ಟರೆ ನನಗೇನು ಗೊತ್ತು? ಕಪಾಟಿನ ಸಂದಿಯಿಂದ ಬಿಸಿಲು ಬರುತ್ತಿತ್ತು, ಹೋಗುತ್ತಿತ್ತು. ಬೆಳ್ಳಿಹುಳು ನನ್ನ ಒಂದು ಮೂಲೆಯನ್ನು ತಿಂದವು. ನಾನು ಹಳದಿಯಾದೆ. ಕನಸಿನಲ್ಲಿ ಅವಳಿಗೆ ಮಾತ್ರ ಇಪ್ಪತ್ತೆರಡೇ ವರ್ಷ.

ಮೊದಮೊದಲು ಅವಳು ಸಿಗಲಿ ಎಂದು ಹಂಬಲಿಸುತ್ತಿದ್ದೆ. ಬರುಬರುತ್ತ ಸಿಗದಿರಲಿ ಅನ್ನಿಸತೊಡಗಿತು. ಸಿಕ್ಕರೆ ಅವಳಿಗೆ ಜೈಲು ತಾನೆ? ಒಂದು ಹೆಸರನ್ನು ಇಷ್ಟು ದಿನ ಎದೆಗೊತ್ತಿಕೊಂಡರೆ ಮಮತೆ ಹುಟ್ಟದೆ ಇರುತ್ತದೆಯೇ? ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹುಟ್ಟಿತು.

ನದಾಫರು ನಿವೃತ್ತರಾದರು. ಚಾರ್ಜು ಪಡೆದವಳು ಶೈಲಾ ಬಾರಕೇರ ಎಂಬ ಚುರುಕು ಕಾನ್‌ಸ್ಟೇಬಲ್ಲು. ಒಂದು ಬುಧವಾರ ಅವಳ ಮೇಜಿಗೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನಿಂದ ಒಂದು ಪಟ್ಟಿ ಬಂತು. ಹನ್ನೆರಡು ವರ್ಷ ದಿನಗೂಲಿಯಾಗಿದ್ದ ಅಡುಗೆಯವರನ್ನು ಕಾಯಂ ಮಾಡುತ್ತಾರಂತೆ. ಅವರ ಮೇಲೆ ಕೇಸು, ವಾರಂಟು ಏನೂ ಬಾಕಿಯಿಲ್ಲವೆಂದು ಶನಿವಾರದೊಳಗೆ ಠಾಣೆಯವರು ಬರೆದುಕೊಡಬೇಕು, ತಪ್ಪಿದರೆ ಆ ಹೆಸರು ಬಿಟ್ಟುಹೋಗುತ್ತದೆ. ಶೈಲಾ ಬಾಕಿ ವಾರಂಟುಗಳ ಪುಸ್ತಕದ ಮೇಲೆ ಬೆರಳಾಡಿಸಿದಳು. ನಿಂಬೆವ್ವ ಕೋಂ ಮಾರುತೆಪ್ಪ, ಎರಡರಲ್ಲೂ ಅದೇ ಹೆಸರು. ಬೆರಳು ನಿಂತಿತು.

“ಅಯ್ಯ ಶಿವನ! ನಿಂಬೆವ್ವಕ್ಕ!” ಎಂದಳು.

ಹಾಸ್ಟೆಲ್ಲು ಠಾಣೆಯಿಂದ ಎರಡು ಓಣಿ ಆಚೆ. ದುಡಿಯಲು ಬಂದ ನಿಂಬೆವ್ವ ಹದಿನಾರು ವರ್ಷ ಠಾಣೆಯ ಈ ಊರಲ್ಲೇ ಇದ್ದಳು, ಸಂತೆಯ ಚೀಲ ಹಿಡಿದು ಇದೇ ಠಾಣೆಯ ಮುಂದೆ ದಿನಾ ಓಡಾಡಿದ್ದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ! ನಾನೋ, ಅವಳಿಗಾಗಿ ಸಮುದ್ರದ ಕನಸು ಕಾಣುತ್ತಿದ್ದೆ.

ಮರುದಿನ ಬೆಳಿಗ್ಗೆ ಶೈಲಾ ನನ್ನನ್ನು ಫೈಲಿನಲ್ಲಿಟ್ಟುಕೊಂಡು ಹಾಸ್ಟೆಲ್ಲಿನ ಅಡುಗೆಮನೆಗೆ ಹೋದಳು. ಅಲ್ಲಿ ಹೊಗೆ, ಒಗ್ಗರಣೆಯ ಘಮ, ಪಟಪಟ ರೊಟ್ಟಿ ಬಡಿಯುವ ಸದ್ದು. ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಿದಳು. ಮೂವತ್ತೆಂಟರ ಹೆಂಗಸು, ಕಿವಿಯ ಹತ್ತಿರ ನರೆ, ಮೊಣಕೈ ತನಕ ಹಿಟ್ಟು, ಕಣ್ಣ ಕೆಳಗೆ ಕಪ್ಪು. ನನ್ನ ಕನಸಿನ ಯಾವ ನಿಂಬೆವ್ವನೂ ಹೀಗಿರಲಿಲ್ಲ. ಆದರೂ ನೋಡಿದ ಕೂಡಲೇ ಇವಳೇ ಎಂದು ಗೊತ್ತಾಯಿತು, ನನ್ನ ಮಡಿಕೆ ಮಡಿಕೆಯೂ ನಡುಗಿತು.

“ಹೂವಕ್ಕ ಮುಗಿಸಿ ಬಂದಿದ್ಲಲ್ಲವಾ!” ಎಂದಳು ನಿಂಬೆವ್ವ, ಶೈಲಾ ಎಲ್ಲ ಹೇಳಿದ ಮೇಲೆ. “ಹನ್ನೆರಡೂ ಮಂದಿದು ಒಪ್ಪಿ ಬಂದಿದ್ಲು.”

“ಕೋರ್ಟಿನಾಗ ಹಂಗ ನಡಿಯಂಗಿಲ್ಲ ಅಕ್ಕಾ. ಅವರವರ ತಪ್ಪಿಗೆ ಅವರವರೇ ನಿಲ್ಲಬೇಕು. ಈಗ ನಡೀರಿ, ನನ್ನ ಕೂಡ.”

“ಜೈಲಿಗೇನು?”

“ಅದು ಮೇಡಂ ಕೈಯಾಗ ಐತಿ. ಇವತ್ತ ಬಿಟ್ರೂ ಬಿಡಬಹುದು, ಒಳಗ ಹಾಕಿದ್ರೂ ಹಾಕಬಹುದು. ನಾ ಸುಳ್ಳು ಹೇಳಂಗಿಲ್ಲ.”

ನಿಂಬೆವ್ವ ಒಲೆಯ ಕಡೆ ನೋಡಿದಳು. “ಅರ್ಧಾ ತಾಸು ಕೊಡವಾ. ಹುಡುಗ್ಯಾರು ಉಂಡು ಸಾಲಿಗೆ ಹೋಗ್ಲಿ.”

ಶೈಲಾ ಹೂಂ ಎಂದು ಬಾಗಿಲ ಬಳಿ ನಿಂತಳು, ನಾನಿದ್ದ ಫೈಲು ಅಕ್ಕಿ ಚೀಲದ ಮೇಲೆ. ಅಷ್ಟರಲ್ಲಿ ಹೊರಗೆ ಫೋನು ಬಂದು ಶೈಲಾ ಅಂಗಳಕ್ಕೆ ಹೋದಳು. ಜೊತೆಯ ಅಡುಗೆಯವಳು ಪಾರವ್ವ ಓಡಿಬಂದು ಪಿಸುಗುಟ್ಟಿದಳು, “ಹಿತ್ತಲ ಬಾಗಲಾ ತೆಗದೈತಿ. ಬಸ್ ಸ್ಟ್ಯಾಂಡ್ ಮಗ್ಗಲಾಗ ಐತಿ. ಹೋಗು, ನಾ ಸಾರಿಗೆ ಉಪ್ಪು ಹಾಕೊಂತೀನಿ!” ಹಿತ್ತಲ ಬಾಗಿಲಲ್ಲಿ ಬಿಸಿಲು ಬಿದ್ದಿತ್ತು. ಹೋಗವ್ವ, ಹೋಗು, ನಾನು ಮತ್ತೆ ಕಪಾಟಿನಲ್ಲಿ ಮಲಗುತ್ತೇನೆ ಎಂದು ನಾನೂ ಕೂಗಿದೆ. ಕಾಗದದ ಕೂಗು ಯಾರಿಗೆ ಕೇಳುತ್ತದೆ!

ನಿಂಬೆವ್ವ ಆ ಬಾಗಿಲನ್ನು ಒಂದು ಗಳಿಗೆ ನೋಡಿದಳು. “ಇವತ್ತು ಓಡಿದ್ರ ನಾಳೆ ಇಲ್ಲಿ ಒಲಿ ಹಚ್ಚಾಕ ಯಾವ ಮುಖ ಇಟ್ಕೊಂಡು ಬರ್ಲಿ ಪಾರೂ?” ಅಂದಳು. ಎಂಬತ್ತು ಹುಡುಗಿಯರಿಗೆ ತಾನೇ ಬಡಿಸಿದಳು. ಕೈತೊಳೆದು, ಸೆರಗು ಕೊಡವಿ, ಬಂದು ನಿಂತಳು.

ಕೋರ್ಟಿನಲ್ಲಿ ಈಗ ಮ್ಯಾಜಿಸ್ಟ್ರೇಟರು ಮೈಸೂರು ಕಡೆಯ ಎಳೆ ವಯಸ್ಸಿನ ಹೆಣ್ಣುಮಗಳು. ಬಡವರಿಗೆಂದು ಕೋರ್ಟೇ ಕೊಡುವ ಕಡಕೋಳ ವಕೀಲರು ನಿಂಬೆವ್ವನ ಪಕ್ಕ ನಿಂತು, “ತಪ್ಪು ಒಪ್ಪಿದ್ರ ಇವತ್ತ ಮುಗೀತದ. ನೌಕರಿಗೆ ಬಾಕಿ ಅಂತ ಇರಬಾರದು ಅಷ್ಟ, ಮುಗಿದ ಸಣ್ಣ ಕೇಸು ಅಡ್ಡ ಬರಂಗಿಲ್ಲ. ಇಲ್ಲಂದ್ರ ವರ್ಷಾನುಗಟ್ಲೆ ಅಡ್ಡಾಡಬೇಕು” ಎಂದು ಕಿವಿಯಲ್ಲಿ ಹೇಳಿದರು. ಮೇಡಂ ನನ್ನನ್ನು ಬಿಡಿಸಿ ಮೇಜಿನ ಮೇಲೆ ಹರಡಿದರು.

“ರಸ್ತೆ ತಡೆದಿದ್ದು ನಿಜವೇನಮ್ಮ? ಹದಿನಾರು ವರ್ಷ ಯಾಕೆ ಬರಲಿಲ್ಲ?”

“ಕುಂತಿದ್ದು ಖರೇ ಐತ್ರಿ. ನೀರಿಗೆ ಕುಂತಿದ್ವಿ. ಬರೋದು ಬಾಕಿ ಐತಿ ಅಂತ ಗೊತ್ತಿರ್ಲಿಲ್ರಿ. ನಮ್ಮ ಹೂವಕ್ಕ ಎಲ್ಲಾರ ಪರವಾಗಿ ಕೈಮುಗದು ಬಂದಿದ್ಲು. ಈಗ ನನ್ನ ಕೈ ನಾ ಮುಗೀತೀನ್ರಿ.”

ಮೇಡಂ ಪೆನ್ನು ಹಿಡಿದರು. ಬರೆದರು, ಬಾಯಿಬಿಟ್ಟು ಓದಿದರು. ವಾರಂಟು ರದ್ದು, ಸ್ವಲ್ಪ ದಂಡ, ಮತ್ತೆ ಕೋರ್ಟು ಏಳುವ ತನಕ ಸಾದಾ ಶಿಕ್ಷೆ.

“ಅಂದ್ರ?” ಎಂದು ನಿಂಬೆವ್ವ ಗಾಬರಿಯಾದಳು.

“ಸಂಜಿಕ ಮೇಡಂ ಏಳೂತನಕ ಆ ಬೆಂಚಿನ ಮ್ಯಾಲೆ ಕೂಡಬೇಕು. ಏನೂ ಮಾಡಬಾರ್ದು, ಎಲ್ಲೂ ಹೋಗಬಾರ್ದು. ಅದ ಶಿಕ್ಷಾ” ಎಂದರು ಕಡಕೋಳರು.

ನನ್ನ ಮೇಲೆ ಎರಡು ಗೀಟು ಎಳೆದು ರದ್ದು ಎಂದು ಬರೆದರು. ನೋಯುತ್ತದೆ ಅಂದುಕೊಂಡಿದ್ದೆ, ನೋಯಲಿಲ್ಲ, ಹಗುರಾಯಿತು. ನನ್ನ ಎದುರಿಗೇ, ಮೂರು ಮಾರು ದೂರದ ಗೋಡೆ ಬೆಂಚಿನ ಮೇಲೆ ನಿಂಬೆವ್ವ ಕೂತಳು. ಮೊದಲು ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ ಅವಳಿಗೆ. ಸೆರಗು ತೀಡಿದಳು, ಬೆರಳಿಗಂಟಿದ ಹಿಟ್ಟು ಕೆರೆದಳು. ಫ್ಯಾನು ಗರಗರ ತಿರುಗುತ್ತಿತ್ತು, ಯಾರದೋ ಗಡಿ ತಕರಾರು ರಾಗವಾಗಿ ನಡೆದಿತ್ತು. ಬೇವಿನ ಮರದ ನೆರಳು ಕಿಟಕಿಯಿಂದ ಇಳಿದು ಅವಳ ಕಾಲ ಬಳಿ ಬಂತು. ಅವಳ ತಲೆ ಗೋಡೆಗೆ ಒರಗಿತು, ಕಣ್ಣು ಮುಚ್ಚಿದವು. ಜವಾನ ಎಬ್ಬಿಸಲು ಹೋದ. ಮೇಡಂ ಬೇಡವೆಂದು ಕೈಯಾಡಿಸಿದರು.

ಹದಿನಾರು ವರ್ಷ ಕನಸಿನಲ್ಲಿ ನೋಡಿದವಳನ್ನು ಅಂದು ಇಡೀ ಮಧ್ಯಾಹ್ನ ಕಣ್ತುಂಬ ನೋಡಿದೆ. ಅವಳು ಏನು ಕನಸು ಕಂಡಳೋ, ನಡುವೆ ಒಮ್ಮೆ ನಕ್ಕಳು.

ಐದೂವರೆಗೆ ಮೇಡಂ ಎದ್ದರು, ಕುರ್ಚಿಯ ಸದ್ದಾಗದಂತೆ. ವಕೀಲರೆಲ್ಲ ಹೋದ ಮೇಲೆ ಶೈಲಾ ಬಂದು ಭುಜ ಮುಟ್ಟಿದಳು. “ಅಕ್ಕಾ, ಏಳ್ರಿ. ಕೋರ್ಟು ಎದ್ದೈತಿ, ನಿಮ್ಮ ಶಿಕ್ಷಾ ಮುಗೀತು. ನಿಮ್ಮ ಕಾಗದಾ ನಾಳೆ ಬರದು ಕಳಸ್ತೀನಿ, ಬಾಕಿ ಏನೂ ಇಲ್ಲ ಅಂತ.”

ನಿಂಬೆವ್ವ ಕಣ್ಣುಜ್ಜಿಕೊಂಡು ಸುತ್ತ ನೋಡಿದಳು. “ಇಷ್ಟ ಲಗೂ ಮುಗೀತಾ?” ಎಂದಳು. “ಲಗ್ನಾಗಿ ಬಂದಾಗಿಂದ ಹಗಲಾಗ ಹಿಂಗ ಮಲಗಿದ್ದು ಇದ ಮೊದಲು ನೋಡವಾ.”

ಶೈಲಾ ಬಾಯಿಗೆ ಸೆರಗಿಲ್ಲದ್ದಕ್ಕೆ ಟೋಪಿ ಅಡ್ಡ ಹಿಡಿದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಮುಖ ಆಚೆ ತಿರುಗಿಸಿದಳು.

ಈಗ ನಾನು ಕೋರ್ಟಿನ ದಾಖಲೆ ಕೋಣೆಯಲ್ಲಿದ್ದೇನೆ, ಕೆಂಪು ಬಟ್ಟೆಯ ಗಂಟಿನಲ್ಲಿ. ಇನ್ನು ಕೆಲವು ವರ್ಷಕ್ಕೆ ಹಳೆಯ ಕಡತಗಳೊಡನೆ ನನ್ನನ್ನೂ ಸುಡುತ್ತಾರಂತೆ, ಸುಡಲಿ. ಅಕ್ಕಪಕ್ಕದ ಕಾಗದಗಳು ದೊಡ್ಡ ದೊಡ್ಡ ಮಾತಾಡುತ್ತವೆ. ಒಂದು ಹೊಲ ಕೊಡಿಸಿತಂತೆ, ಒಂದು ಮನೆ ಬಿಡಿಸಿತಂತೆ. ನೀನೇನು ಕೊಟ್ಟೆ ಎಂದು ನನ್ನನ್ನು ಕೇಳುತ್ತವೆ. ದಣಿದ ಹೆಂಗಸೊಬ್ಬಳಿಗೆ ಒಂದು ಮಧ್ಯಾಹ್ನದ ನಿದ್ದೆ ಕೊಟ್ಟೆ ಎನ್ನುತ್ತೇನೆ. ಅದೂ ಶಿಕ್ಷೆಯೆಂದು ಬರೆದು ಕೊಡಬೇಕಾಯಿತು.